ಬಂದೂಕಿನ ಹಿಡಿಯಿಂದ ಶಾಂತಿಪೀಠದವರೆಗೆ



ಮರಕ್ಕೂ ಚರಿತ್ರೆಯುಂಟು, ಅದನ್ನು ಬರೆಯುವುದು ಮಾತ್ರ ಮನುಷ್ಯನ ಕೈ. ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಬೆಳೆಯುವ ಕಪ್ಪು ವಾಲ್‌ನಟ್ ಇದಕ್ಕೆ ಒಳ್ಳೆಯ ನಿದರ್ಶನ. ನಮ್ಮ ಅಂಗಡಿಗಳಲ್ಲಿ ಅಕ್ರೋಟು ಎಂದು ದೊರೆಯುವ ಕಾಯಿಯ ಮರಕ್ಕೆ ಇದು ದಾಯಾದಿ. 1753ರಲ್ಲಿ ಲಿನೇಯಸ್ ಇದಕ್ಕೆ ಜುಗ್ಲಾನ್ಸ್ ನೈಗ್ರಾ ಎಂದು ಹೆಸರಿಟ್ಟನು.

ಇದರ ಚೇಗು ಹುರಿದ ಕಾಫಿಬೀಜದಂತೆ ಗಾಢ ಕಂದು. ಅದನ್ನು ಸುತ್ತುವರಿದ ಹೊರಪದರ ನಸುಬಿಳುಪು. ಎರಡೂ ಒಂದೇ ಬಣ್ಣಕ್ಕೆ ಹತ್ತಿರವಾಗಲೆಂದು ಮರದ ವ್ಯಾಪಾರಿಗಳು ಹಲಗೆಗಳನ್ನು ಹಬೆಯಲ್ಲಿ ಬೇಯಿಸುವುದುಂಟು. ಅನೇಕ ಮರಗಳು ವಯಸ್ಸಾದಂತೆ ಕಪ್ಪೇರಿದರೆ ಇದು ಬೆಳಕಿಗೆ ತಿಳಿಯಾಗುತ್ತದೆ. ಒಣಗಿದ ಮರದ ತೂಕ ಘನಮೀಟರಿಗೆ ಸುಮಾರು 610 ಕಿಲೋಗ್ರಾಂ. ನಮ್ಮ ಬೀಟೆಗಿಂತ ಬಹಳ ಹಗುರ. ಉಳಿ, ಉಜ್ಜುಗೊರಡುಗಳಿಗೆ ಸುಲಭವಾಗಿ ಒಲಿಯುತ್ತದೆ. ಸರಿಯಾಗಿ ಒಣಗಿಸಿದರೆ ಸೊಟ್ಟಗಾಗುವುದು ಕಡಿಮೆ, ಪೆಟ್ಟನ್ನೂ ತಾಳಿಕೊಳ್ಳುತ್ತದೆ.

ಈ ಸದ್ಗುಣಗಳೇ ಅದನ್ನು ಯುದ್ಧಕ್ಕೆ ಎಳೆದವು. ಗುಂಡು ಹಾರಿದಾಗಿನ ಒದೆತವನ್ನು ತಡೆದು, ಬಾಗದೆ ನಿಲ್ಲುವ ಮರವೇ ಬಂದೂಕಿನ ಹಿಡಿಗೆ ಬೇಕು. ಮೊದಲನೆಯ ಮಹಾಯುದ್ಧದಲ್ಲಿ ಬಂದೂಕುಗಳ ಜೊತೆಗೆ ವಿಮಾನದ ಪ್ರೊಪೆಲ್ಲರುಗಳಿಗೂ ಇದು ಬೇಕಾಯಿತು. 1918ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ನರ ಕರೆಗೆ ಓಗೊಟ್ಟು ಬಾಲಕ ಸ್ಕೌಟುಗಳು ಊರೂರು ಅಲೆದು ಈ ಮರಗಳನ್ನು ಹುಡುಕಿ ಲೆಕ್ಕ ಬರೆದುಕೊಟ್ಟರು. ಎರಡನೆಯ ಮಹಾಯುದ್ಧದ ಗ್ಯಾರಂಡ್ ರೈಫಲ್ಲಿಗೂ ವಾಲ್‌ನಟ್ಟೇ ಹಿಡಿಯಾಯಿತು.

ಅದೇ ಯುದ್ಧಕಾಲದಲ್ಲಿ, ಅಮೆರಿಕದಲ್ಲೇ ಹುಟ್ಟಿದ ವಾಸ್ತುಶಿಲ್ಪಿ ಜಾರ್ಜ್ ನಾಕಾಶಿಮಾ ಜಪಾನೀ ವಂಶದವರೆಂಬ ಒಂದೇ ಕಾರಣಕ್ಕೆ ಐಡಹೋ ರಾಜ್ಯದ ಮಿನಿಡೋಕಾ ಶಿಬಿರದಲ್ಲಿ ಬಂಧಿತರಾದರು. ಅಲ್ಲಿ ಸಹಬಂಧಿಯಾಗಿದ್ದ ಬಡಗಿ ಗೆಂಟಾರೊ ಹಿಕೊಗಾವಾ ಅವರಿಂದ ಜಪಾನೀ ಮರಗೆಲಸ ಕಲಿತರು. 1943ರಲ್ಲಿ ಬಿಡುಗಡೆ ಹೊಂದಿ ಪೆನ್ಸಿಲ್ವೇನಿಯದ ನ್ಯೂ ಹೋಪ್ ಸೇರಿದ ಅವರ ಕೈಯಲ್ಲಿ ವಾಲ್‌ನಟ್ ಮೇಜಾಯಿತು, ಕುರ್ಚಿಯಾಯಿತು. ಹಲಗೆಯ ಅಂಕುಡೊಂಕಾದ ಅಂಚನ್ನು ಅವರು ಕತ್ತರಿಸಿ ನೇರಗೊಳಿಸಲಿಲ್ಲ. ಸೀಳನ್ನು ಮುಚ್ಚಿಡದೆ ಚಿಟ್ಟೆಯಾಕಾರದ ಬೆಣೆಯಿಂದ ಬೆಸೆದರು. ಲಾಂಗ್ ಐಲ್ಯಾಂಡಿನ ಬೃಹತ್ ವಾಲ್‌ನಟ್ ಮರವೊಂದರಿಂದ ಅವರು ರಚಿಸಿದ ಶಾಂತಿಪೀಠ 1986ರ ಡಿಸೆಂಬರ್ 31ರಂದು ನ್ಯೂಯಾರ್ಕಿನ ಸೇಂಟ್ ಜಾನ್ ದಿ ಡಿವೈನ್ ಚರ್ಚಿನಲ್ಲಿ ಸಮರ್ಪಿತವಾಯಿತು.

ಇದೇ ಮಾಲಿಕೆಯ ಇನ್ನೊಂದು ಪೀಠ 1996ರಲ್ಲಿ ಪುದುಚೇರಿಯ ಬಳಿಯ ಆರೋವಿಲ್ಲಿಗೆ ಬಂದಿತು. 1990ರಲ್ಲಿ ತೀರಿಕೊಂಡ ನಾಕಾಶಿಮಾ ಅದನ್ನು ಕಾಣಲಿಲ್ಲ. ಆದರೆ 1930ರ ದಶಕದ ಕೊನೆಯಲ್ಲಿ ಅವರು ಅರವಿಂದಾಶ್ರಮದ ಗೋಲ್ಕೊಂಡ ಕಟ್ಟಡವನ್ನು ಕಟ್ಟಿಸುತ್ತಾ ‘ಸುಂದರಾನಂದ’ ಎಂಬ ಹೆಸರು ಪಡೆದದ್ದು ಆ ಪುದುಚೇರಿಯಲ್ಲಿಯೇ.

ಪೆಟ್ಟು ತಾಳುವ ಗುಣ ಮರದ್ದು. ಅದನ್ನು ಯಾವುದಕ್ಕೆ ಬಳಸಬೇಕೆಂಬ ವಿವೇಕ ಮಾತ್ರ ನಮ್ಮದು.