ಪಾದ ಎಣಿಸದೆ ಬಂದ ಹುಳ

ಕಪ್ಪತಗುಡ್ಡ ಅಂದ ಕೂಡಲೇ ಯಾರಿಗಾದರೂ ನೆನಪಾಗೋದು ಔಷಧಿ ಗಿಡ, ಗಾಳಿಯಂತ್ರ, ಇಲ್ಲಾ ಬಂಗಾರ. ನನಗೆ ಮಾತ್ರ ಒಂದು ಹುಳ!

ಬಂಗಾರದ ಕಥೆ ಹಳೆಯದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಮುಂಡರಗಿ ತಾಲೂಕಿನ ಡಂಬಳದ ಗುಡ್ಡಗಳಲ್ಲಿ ಬಂಗಾರವಿರುವ ಕಲ್ಲುಗಳ ಬಗ್ಗೆ 1874ರಲ್ಲೇ ಬರೆದಿದ್ದ. ಆ ಆಸೆಗೆ ಅಗೆದ ಹಳೇ ಗುಂಡಿಗಳು ಗುಡ್ಡದಲ್ಲಿ ಅಲ್ಲಲ್ಲಿ ಇವೆ. ಕಾಲೇಜಿನ ದಿನಗಳಲ್ಲಿ ಗೆಳೆಯನ ಜೊತೆ ಅಂಥದ್ದೊಂದರ ಬಾಯಲ್ಲಿ ಬ್ಯಾಟರಿ ಹಿಡಿದು ಇಣುಕಿದ್ದೆ. ಗೋಡೆಗೆ ಅಂಟಿಕೊಂಡು ಕಂದು ಬಣ್ಣದ ಹುಳ. ರೆಕ್ಕೆ ಇಲ್ಲ, ಬೆನ್ನು ಗೂನು, ಮೈಗಿಂತ ಎಷ್ಟೋ ಉದ್ದದ ಮೀಸೆ, ಜೇಡನ ಹಾಗೆ ಕಾಲು. "ಏನಲೇ ಇದು, ಜ್ಯಾಡೋ ಮಿಡತಿಯೋ?" ಅಂದ ಗೆಳೆಯ. ನಾನು ಪಂಡಿತನ ಗತ್ತಿನಲ್ಲಿ ನೋಟ್‌ಬುಕ್ಕಿನಲ್ಲಿ 'ಗವಿ ಚಿಮ್ಮಂಡೆ, ರಾಫಿಡೊಫೋರ' ಅಂತ ಬರೆದೆ.

(ಚಿಮ್ಮಂಡೆ ಅಂದರೆ ರಾತ್ರಿ ಚಿರ್ ಚಿರ್ ಅನ್ನೋ ಹುಳದ ಬಳಗ. ಜೀರುಂಡೆ ಅಂತಲೂ ಅಂತಾರೆ, ಆದರೆ ಆ ಹೆಸರನ್ನು ದುಂಬಿಗೂ ಕೊಟ್ಟು ಗೊಂದಲ ಮಾಡಿಟ್ಟಿದ್ದೇವೆ.)

ಬರೆದದ್ದು ಎಷ್ಟು ದುಡುಕು ಅಂತ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ, ಸಿಜು ಗವಿಯ ಬಗ್ಗೆ ಓದುವಾಗ. ಸಿಜು ಇರೋದು ಈಗಿನ ಮೇಘಾಲಯದ ಗಾರೋ ಬೆಟ್ಟಗಳಲ್ಲಿ. 1922ರಲ್ಲಿ ಸ್ಟ್ಯಾನ್ಲಿ ಕೆಂಪ್ ಮತ್ತು ಚೋಪ್ರಾ ಅಲ್ಲಿನ ಕತ್ತಲಲ್ಲಿ ಸಿಕ್ಕ ಜೀವಿಗಳನ್ನೆಲ್ಲ ಸಂಗ್ರಹಿಸಿದರು. ಅದರಲ್ಲಿ ಚಿಮ್ಮಂಡೆಗಳು ಫ್ರಾನ್ಸಿನ ಲೂಸಿಯೆನ್ ಷೊಪಾರ್ ಕೈಗೆ ಬಂದವು. 1924ರಲ್ಲಿ ಆತ ಒಂದಕ್ಕೆ ಉದ್ದ ಕಾಲಿನದು ಅನ್ನೋ ಅರ್ಥದ ಹೆಸರು ಕೊಟ್ಟ, ಇನ್ನೊಂದಕ್ಕೆ ಕುರುಡು ಅನ್ನೋ ಅರ್ಥದ್ದು. ಮೊದಲನೆಯದಕ್ಕೆ ಕೆಂಪ್ ಹೆಸರಲ್ಲೇ ಒಂದು ಕುಲ ಮಾಡಿದ. ಆದರೆ ಆ ಕುಲನಾಮ ಆಗಲೇ ಬೇರೆ ಪ್ರಾಣಿಯ ಪಾಲಾಗಿತ್ತು! 1940ರಲ್ಲಿ ಉವರೋವ್ ಅದನ್ನು 'ಕೆಂಪಿಯೋಲ' ಅಂತ ಬದಲಿಸಿದ. 1977ರಲ್ಲಿ ಬಸ್ತರಿನ ಕೋಟುಂಸರ್ ಗವಿಯಿಂದ ಇದೇ ಕುಲಕ್ಕೆ ಕೆಂಪಿಯೋಲ ಶಂಕರಿ ಸೇರಿತು.

ಸ್ವಾರಸ್ಯ ಇರೋದು ಇಲ್ಲಿ. ಕೆಂಪಿಯೋಲ ನಮ್ಮ ಮನೆ ಮೂಲೆಯಲ್ಲಿ ಹಾಡುವ ಚಿಮ್ಮಂಡೆಯ ಬಳಗದ್ದು. ಆ ಕುರುಡು ಹುಳ ರಾಫಿಡೊಫೋರ ಬಳಗದ್ದು. ದೂರದ ಸಂಬಂಧ. ಆದರೆ ಕತ್ತಲಲ್ಲಿ ಬದುಕಿ ಬದುಕಿ ಇಂಥವೆಲ್ಲ ರೆಕ್ಕೆ ಕಳಕೊಂಡು, ಕಾಲು ಮೀಸೆ ಉದ್ದ ಬೆಳೆಸಿಕೊಂಡು ಅಣ್ಣತಮ್ಮಂದಿರ ಹಾಗೆ ಕಾಣ್ತವೆ. ನಾನು ನೋಡಿ ಬರೆದುಕೊಂಡಿದ್ದು ಬರೀ ಇವನ್ನೇ. ಮುಂಗಾಲಿನಲ್ಲಿ ಕಿವಿ ಇದೆಯಾ ಅಂತ ಹುಡುಕಿದರೂ ನಂಬೋ ಹಾಗಿಲ್ಲ. ರಾಫಿಡೊಫೋರಕ್ಕೆ ಕಿವಿ ಇಲ್ಲ ನಿಜ, ಆದರೆ ಹಾಡೋದು ಬಿಟ್ಟ ಎಷ್ಟೋ ಚಿಮ್ಮಂಡೆಗಳಿಗೂ ಇಲ್ಲ.

ಹಾಡಿದರೆ ಕೆಲಸ ಸುಲಭ. ಕುದುರೆಮುಖದ ಕಾಡಿನ ಚಿಮ್ಮಂಡೆಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕೂಗಿನಿಂದಲೇ ಬೇರ್ಪಡಿಸಿ 2007ರಲ್ಲಿ ಪ್ರಕಟಿಸಿದರು. ಗವಿಯ ಮೂಕ ಹುಳಕ್ಕೆ ಆ ದಾರಿ ಇಲ್ಲ. ಪಾದವನ್ನೇ ನೋಡಬೇಕು. ಪಾದದಲ್ಲಿ ಮೂರು ಗೆಣ್ಣಿದ್ದರೆ ಚಿಮ್ಮಂಡೆ ಬಳಗ, ನಾಲ್ಕಿದ್ದು ಪಕ್ಕದಿಂದ ಚಪ್ಪಟೆಯಾಗಿದ್ದರೆ ರಾಫಿಡೊಫೋರ. ಹೆಣ್ಣಾದರೆ ಮೊಟ್ಟೆ ಇಡುವ ನಳಿಗೆ ಚಿಮ್ಮಂಡೆಯದು ಸೂಜಿಯಂತೆ, ರಾಫಿಡೊಫೋರದ್ದು ಕತ್ತಿಯಂತೆ. ಇಷ್ಟಾದ ಮೇಲೆ ಕುಲದ ಮಾತು. ಅದಕ್ಕೆ ಕಾಲಿನ ಮುಳ್ಳುಗಳ ಸಾಲು, ಗಂಡಿನ ಹೊಟ್ಟೆಯ ತುದಿಯ ತಟ್ಟೆಯ ಆಕಾರ, ಜನನಾಂಗ... ಎಲ್ಲ ಸೂಕ್ಷ್ಮದರ್ಶಕದ ಕೆಲಸ. ಅಲ್ಲೂ ಜಗಳ ಮುಗಿಯಲ್ಲ. 1902ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಗಾಜಿನಮನೆಯ ಹುಳವೊಂದಕ್ಕೆ ಆಡೆಲುಂಗ್ ಟ್ಯಾಕಿಸಿನಿಸ್ ಅಂತ ಹೆಸರಿಟ್ಟ. ಅದನ್ನು ಬಹಳ ಕಾಲ ಡಯೆಸ್ಟ್ರಮ್ಮೆನ ಅಂದರು, ಈಗ ಮತ್ತೆ ಟ್ಯಾಕಿಸಿನಿಸ್.

ನನ್ನ ನೋಟ್‌ಬುಕ್ ಇನ್ನೂ ಇದೆ. ಮೀಸೆಯ ಉದ್ದ ಇದೆ, ಬಣ್ಣ ಇದೆ, ಒಂದು ಚಿತ್ರವೂ ಇದೆ. ಪಾದವನ್ನು ಒಂದೇ ಗೆರೆಯಲ್ಲಿ ಎಳೆದು ಬಿಟ್ಟಿದ್ದೇನೆ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮ ಆಯ್ತು, ಖುಷಿಯಾಯ್ತು. ಆಮೇಲೆ ಒಮ್ಮೆ ಆ ಕಡೆ ಹೋದೆ. ಗುಂಡಿಯ ಬಾಯಿ ಮಳೆಗೆ ಕುಸಿದು ಮುಚ್ಚಿತ್ತು. ನೋಟ್‌ಬುಕ್ಕಿನಲ್ಲಿ 'ರಾಫಿಡೊಫೋರ' ಹೊಡೆದು ಹಾಕಿ 'ಗವಿ ಹುಳ' ಅಂತಷ್ಟೇ ಉಳಿಸಿದ್ದೇನೆ.