ಶಟರ್ ಬರೆಯುವ ಕಾಲ: ಡಿಜಿಟಲ್ ಬಿಂಬದ ಕಾಲಾವಧಿಯನ್ನು ಕುರಿತ ರೋಡೋವಿಕ್ ವಾದದ ಮರುಪರಿಶೀಲನೆ

ಬೆಳಕು ಫಿಲ್ಮಿನ ಮೇಲೆ ಮೂಡಿಸುತ್ತಿದ್ದ ಕುರುಹು ಸಂಖ್ಯೆಗಳಾಗಿ ಬದಲಾದ ಬಿಂಬದಲ್ಲೂ ಉಳಿದಿದೆಯೇ ಎಂಬುದು ಡಿಜಿಟಲ್ ಸಿನಿಮಾ ಕುರಿತ ಸೈದ್ಧಾಂತಿಕ ಚರ್ಚೆಯ ಕೇಂದ್ರ ಪ್ರಶ್ನೆ. ಛಾಯಾಬಿಂಬದ ಸ್ವರೂಪವನ್ನು ಕುರಿತು ಆಂದ್ರೆ ಬಜಾನ್ 1945ರಲ್ಲಿ ಬರೆದ ಪ್ರಬಂಧ ಈ ಪ್ರಶ್ನೆಗೆ ತಳಹದಿ ಹಾಕಿತು. ಲೆವ್ ಮಾನೊವಿಚ್ 2001ರಲ್ಲಿ ಡಿಜಿಟಲ್ ಸಿನಿಮಾವನ್ನು ಚಿತ್ರಕಲೆಯ ಸಮೀಪಕ್ಕೆ ತಂದು ನಿಲ್ಲಿಸಿದರು. ಅದೇ ವರ್ಷ ಫಿಲಿಪ್ ರೋಸೆನ್ ಇಂಥ ಹೊಸತನದ ಉತ್ಸಾಹವನ್ನು ಒರೆಗೆ ಹಚ್ಚಿದರು. ಪ್ರೇಕ್ಷಕರ ಮಟ್ಟಿಗೆ ಡಿಜಿಟಲ್ ಸಿನಿಮಾ ಕ್ರಾಂತಿಯೇ ಅಲ್ಲವೆಂದು ಜಾನ್ ಬೆಲ್ಟನ್ 2002ರಲ್ಲಿ ವಾದಿಸಿದರು. ಡಿಜಿಟಲ್ ಕ್ಯಾಮೆರಾವೂ ಎದುರಿಗಿರುವ ವಸ್ತುವಿನ ಬೆಳಕಿಗೆ ಕಟ್ಟುಬಿದ್ದದ್ದೇ ಎಂದು ಟಾಮ್ ಗನ್ನಿಂಗ್ ನೆನಪಿಸಿದರು. ವಸ್ತುವಿನ ಕುರುಹಿನ ವಿಚಾರದಲ್ಲಿ ಗನ್ನಿಂಗ್ ನಿಲುವು ಇಂದು ಸಾಕಷ್ಟು ಒಪ್ಪಿಗೆ ಪಡೆದಿರುವುದರಿಂದ ಅದನ್ನು ಮತ್ತೆ ಚರ್ಚಿಸುವ ಅಗತ್ಯವಿಲ್ಲ. ಇತ್ಯರ್ಥವಾಗದೆ ಉಳಿದಿರುವುದು ಕಾಲದ ಕುರುಹಿನ ಪ್ರಶ್ನೆ. ಅದನ್ನು ಅತ್ಯಂತ ಗಂಭೀರವಾಗಿ ಎತ್ತಿದವರು ಡಿ. ಎನ್. ರೋಡೋವಿಕ್, 2007ರ ‘ದಿ ವರ್ಚುವಲ್ ಲೈಫ್ ಆಫ್ ಫಿಲ್ಮ್’ ಕೃತಿಯಲ್ಲಿ.

ರೋಡೋವಿಕ್ ವಾದದ ತಿರುಳನ್ನು ಹೀಗೆ ಸಂಗ್ರಹಿಸಬಹುದು. ಫಿಲ್ಮಿನ ಮೇಲೆ ಬೆಳಕು ಬಿದ್ದಾಗ ಕಳೆದ ಕಾಲದ ಒಂದು ತುಣುಕು ಎಡೆಬಿಡದ ಕಾರ್ಯಕಾರಣ ಸರಣಿಯಲ್ಲಿ ಅಲ್ಲಿ ಅಚ್ಚಾಗುತ್ತದೆ. ಡಿಜಿಟಲ್ ಕ್ಯಾಮೆರಾದಲ್ಲಿ ಬೆಳಕನ್ನು ಸಂಖ್ಯೆಗೆ ಪರಿವರ್ತಿಸುವ ಹಂತದಲ್ಲೇ ಆ ಸರಣಿ ತುಂಡಾಗುತ್ತದೆ. ಆದ್ದರಿಂದ ಅಲ್ಲಿ ಸಿಗುವುದು ಮಾಹಿತಿ, ಅಖಂಡವಾದ ಕಾಲಾವಧಿ ಅಲ್ಲ. ಅವರ ಮುಖ್ಯ ಉದಾಹರಣೆ ಅಲೆಕ್ಸಾಂಡರ್ ಸೊಕುರೊವ್ ಅವರ ‘ರಷ್ಯನ್ ಆರ್ಕ್’ (2002). ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್ ಅರಮನೆಯಲ್ಲಿ ಒಂದೂವರೆ ಗಂಟೆಯನ್ನೂ ಮೀರಿದ ಒಂದೇ ಶಾಟ್‌ನಲ್ಲಿ, ಹಾರ್ಡ್ ಡಿಸ್ಕಿಗೆ ದಾಖಲಾದ ಚಿತ್ರವದು. ಚಿತ್ರೀಕರಣದ ನಂತರ ಅದರ ಫ್ರೇಮುಗಳ ಮೇಲೆ ಅಸಂಖ್ಯ ಡಿಜಿಟಲ್ ಬದಲಾವಣೆಗಳು ನಡೆದಿರುವುದರಿಂದ ಅದು ಅಖಂಡ ಶಾಟ್‌ಗಿಂತ ಸಂಕಲನಕ್ಕೇ ಹತ್ತಿರ ಎಂಬುದು ರೋಡೋವಿಕ್ ಅವರ ತೀರ್ಮಾನ. ಚಿತ್ರೀಕರಣೋತ್ತರ ಕೆಲಸದ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಆದರೆ ಅವರು ಇಡೀ ಭಾರವನ್ನು ಪರಿವರ್ತನೆಯ ಮೇಲೆ ಹೊರಿಸಿ, ಪರಿವರ್ತನೆಗೆ ಮೊದಲು ನಡೆಯುವ ಕ್ರಿಯೆಯನ್ನು, ಅಂದರೆ ಶಟರ್ ತೆರೆದಿರುವಷ್ಟು ಹೊತ್ತು ಸೆನ್ಸರಿನಲ್ಲಿ ಆಗುವುದನ್ನು, ಬದಿಗೆ ಸರಿಸಿದ್ದಾರೆ. ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲಿ.

ಸೆನ್ಸರಿನ ಪ್ರತಿಯೊಂದು ಬೆಳಕಿನ ಕೋಶವೂ ಶಟರ್ ಅವಧಿಯುದ್ದಕ್ಕೂ ಬೆಳಕನ್ನು ವಿದ್ಯುದಂಶವಾಗಿ ಕೂಡಿಟ್ಟುಕೊಳ್ಳುತ್ತದೆ. ಮಾಳಿಗೆಯ ಮೇಲಿಟ್ಟ ಕೊಡದಲ್ಲಿ ಮಳೆನೀರು ತುಂಬುವಂತೆ, ಮಳೆಯ ಬಿರುಸೂ ಮಳೆ ಸುರಿದ ಹೊತ್ತೂ ಆ ಸಂಗ್ರಹದಲ್ಲಿ ಒಂದಾಗಿ ಕೂಡಿರುತ್ತವೆ. ಅಳತೆ ಮಾಡಿ ಸಂಖ್ಯೆ ಕೊಡುವ ಕೆಲಸ ಸಂಗ್ರಹ ಮುಗಿದ ಮೇಲಿನದು. ಕೂಡಿಕೊಳ್ಳುವ ಈ ಹಂತ ಫಿಲ್ಮಿನ ಬೆಳ್ಳಿಲವಣದಲ್ಲಿ ನಡೆಯುತ್ತಿದ್ದುದಕ್ಕಿಂತ ರಾಸಾಯನಿಕವಾಗಿ ಬೇರೆ, ಆದರೆ ಕಾಲದ ದೃಷ್ಟಿಯಿಂದ ಅದರಷ್ಟೇ ಎಡೆಬಿಡದ್ದು. ಪಾತ್ರಧಾರಿ ಕೈ ಬೀಸಿದಾಗ ಫ್ರೇಮಿನಲ್ಲಿ ಕಾಣುವ ಮಸುಕು ಆ ಕೈ ಅಷ್ಟು ಹೊತ್ತಿನಲ್ಲಿ ಸಾಗಿದ ದಾರಿಯ ಗುರುತು. ಸೆಕೆಂಡಿಗೆ 24 ಫ್ರೇಮಿನಂತೆ 180 ಡಿಗ್ರಿ ಶಟರ್ ಇಟ್ಟಾಗ ಪ್ರತಿ ಫ್ರೇಮೂ ಸೆಕೆಂಡಿನ 48ರಲ್ಲಿ ಒಂದು ಭಾಗದಷ್ಟು ಬದುಕನ್ನು ಹಿಡಿದಿಡುತ್ತದೆ, ಅಷ್ಟೇ ಭಾಗವನ್ನು ಬಿಟ್ಟುಬಿಡುತ್ತದೆ. ಈ ಅನುಪಾತ ಕ್ಯಾಮೆರಾ ಹಿಡಿದವರ ಕೈಯಲ್ಲಿದೆ ಎಂಬ ಅಂಶವೇ ಮುಂದಿನ ಚರ್ಚೆಗೆ ಆಧಾರ.

ಈ ಆಯ್ಕೆ ಫಿಲ್ಮಿನಲ್ಲೂ ಡಿಜಿಟಲ್‌ನಲ್ಲೂ ಒಂದೇ ಬಗೆಯಲ್ಲಿ ಕೆಲಸ ಮಾಡುತ್ತದೆ ಎಂಬುದಕ್ಕೆ ಚಿತ್ರಗಳೇ ಸಾಕ್ಷಿ. ‘ಸೇವಿಂಗ್ ಪ್ರೈವೇಟ್ ರಯಾನ್’ (1998) ಫಿಲ್ಮಿನಲ್ಲಿ ತಯಾರಾದ ಚಿತ್ರ. ಛಾಯಾಗ್ರಾಹಕ ಯಾನುಷ್ ಕಮಿನ್‌ಸ್ಕಿ ಅದರ ಯುದ್ಧದೃಶ್ಯಗಳಲ್ಲಿ ಶಟರನ್ನು 90 ಮತ್ತು 45 ಡಿಗ್ರಿಗಳಿಗೆ ಇಳಿಸಿದರು. ಮಸುಕು ಮಾಯವಾಗಿ, ಸಿಡಿದ ಮಣ್ಣಿನ ಹೆಂಟೆಗಳು ಒಂದೊಂದೂ ಬಿಡಿಬಿಡಿಯಾಗಿ ಕಂಡವು. ಡ್ಯಾನಿ ಬಾಯ್ಲ್ ಅವರ ‘28 ಡೇಸ್ ಲೇಟರ್’ (2002) ಬಹುಪಾಲು ಕ್ಯಾನನ್ ಎಕ್ಸ್‌ಎಲ್‌1 ಎಂಬ ಸಣ್ಣ ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರಿತವಾದದ್ದು. ಸೋಂಕಿತರು ಮೇಲೆರಗುವ ದೃಶ್ಯಗಳಲ್ಲಿ ಆಂಥನಿ ಡಾಡ್ ಮ್ಯಾಂಟಲ್ ಶಟರ್ ವೇಗ ಏರಿಸಿ ಅದೇ ಬಗೆಯ ತುಂಡುತುಂಡಾದ ಚಲನೆಯನ್ನು ಪಡೆದರು. ಮೈಕೆಲ್ ಮಾನ್ ಅವರ ‘ಪಬ್ಲಿಕ್ ಎನಿಮೀಸ್’ (2009) ಚಿತ್ರದ ಹಲವು ಭಾಗಗಳಲ್ಲಿ ಶಟರ್ ತೀರಾ ಅಗಲವಾಗಿ ತೆರೆದಿತ್ತು. ಫ್ರೇಮ್ ವೇಗ ಸಿನಿಮಾದ್ದೇ ಆದರೂ ಅದು ವಿಡಿಯೊದಂತೆ ಕಾಣುತ್ತದೆ ಎಂಬ ಆಕ್ಷೇಪ ಬಂತು. ‘ದಿ ಹಾಬಿಟ್’ (2012) ಚಿತ್ರಕ್ಕೆ ಪೀಟರ್ ಜಾಕ್ಸನ್ ಸೆಕೆಂಡಿಗೆ 48 ಫ್ರೇಮ್ ಬಳಸಿದಾಗ ಶಟರನ್ನು 270 ಡಿಗ್ರಿಗೆ ತೆರೆದರು. ಪ್ರತಿ ಫ್ರೇಮಿನ ಅವಧಿ 64ರಲ್ಲಿ ಒಂದು ಸೆಕೆಂಡಿಗೆ ಬಂದು, ರೂಢಿಯ ಮಸುಕಿನ ಬಹುಪಾಲು ಉಳಿಯಿತು. ‘ಸಿನಿಮಾದಂಥ ನೋಟ’ಕ್ಕೆ 24 ಫ್ರೇಮ್ ಸಾಕೆಂಬ ಜನಜನಿತ ನಂಬಿಕೆಯನ್ನು ಈ ಉದಾಹರಣೆಗಳು ಸಡಿಲಿಸುತ್ತವೆ. ‘ಪಬ್ಲಿಕ್ ಎನಿಮೀಸ್’ ಕಂಡಂತೆ ಕಾಣುವುದಕ್ಕೆ ಆಳವಾದ ಫೋಕಸ್, ಬೆಳಕು ಮಿತಿಮೀರಿದಲ್ಲಿ ಥಟ್ಟನೆ ಬಿಳಿಯಾಗುವ ಗುಣ, ಕತ್ತಲಲ್ಲಿ ಏಳುವ ಚುಕ್ಕೆಗಳು ಕೂಡ ಕಾರಣವಾಗಿರಬಹುದು. ಆದ್ದರಿಂದ ಅದೊಂದನ್ನೇ ಪುರಾವೆಯಾಗಿ ನಿಲ್ಲಿಸುವುದು ಸರಿಯಲ್ಲ.

ರೋಡೋವಿಕ್ ಪರವಾಗಿ ಇಲ್ಲಿ ಒಂದು ಬಲವಾದ ಆಕ್ಷೇಪ ಎತ್ತಬಹುದು. ಮಸುಕನ್ನು ಸಾಫ್ಟ್‌ವೇರ್ ಕೂಡ ಮೂಡಿಸಬಲ್ಲದು. ಹೀಗಿರುವಾಗ ಡಿಜಿಟಲ್ ಫ್ರೇಮಿನ ಮಸುಕು ಕಾಲದ ಗುರುತೋ ಬರೀ ಶೈಲಿಯೋ ಎಂದು ತೀರ್ಮಾನಿಸುವುದು ಹೇಗೆ? ಇದಕ್ಕೆ ಉತ್ತರವಾಗಿ, ಯಾವ ನಿರ್ದೇಶಕರೂ ಬೇಕೆಂದು ತರದ, ಛಾಯಾಗ್ರಾಹಕರು ದೂರವಿಡಲು ಹೆಣಗುವ ಒಂದು ಕುರುಹನ್ನು ಮುಂದಿಡುತ್ತೇನೆ. ಅದು ಟ್ಯೂಬ್‌ಲೈಟಿನ ಮಿಡಿತ.

ಭಾರತದ ಕರೆಂಟು 50 ಹರ್ಟ್ಸ್‌ನದು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಬೆಳಗಿ ಮಂಕಾಗುತ್ತದೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಸರಿಯಾಗಿ 24 ಫ್ರೇಮಿನಲ್ಲಿ 180 ಡಿಗ್ರಿ ಶಟರ್ ಇಟ್ಟರೆ ಒಂದು ಫ್ರೇಮಿನೊಳಗೆ ಬೆಳಕಿನ ಎರಡು ಮಿಡಿತಗಳೂ ಮೂರನೆಯದರ ಒಂದು ಚೂರೂ ಸೇರುತ್ತವೆ. ಆ ಚೂರು ಫ್ರೇಮಿನಿಂದ ಫ್ರೇಮಿಗೆ ಬದಲಾಗುವುದರಿಂದ ಚಿತ್ರದ ಬೆಳಕು ಸೆಕೆಂಡಿಗೆ 4 ಸಲ ನವಿರಾಗಿ ಏರಿಳಿಯುತ್ತದೆ. ಶಟರನ್ನು 172.8 ಡಿಗ್ರಿಗೆ ಇಳಿಸಿದರೆ ಅವಧಿ ಸೆಕೆಂಡಿನ 50ರಲ್ಲಿ ಒಂದು ಭಾಗವಾಗಿ, ಎರಡು ಮಿಡಿತಗಳು ಪೂರ್ತಿಯಾಗಿ ಒಳಗೆ ಕೂರುತ್ತವೆ, ಏರಿಳಿತ ನಿಲ್ಲುತ್ತದೆ. ಫಿಲ್ಮ್ ಕ್ಯಾಮೆರಾಗಳಲ್ಲೂ ಇದೇ 172.8ರ ಗುರುತು ಇತ್ತು ಎಂಬುದು ಎರಡೂ ಮಾಧ್ಯಮಗಳ ನಡುವಿನ ಅಖಂಡತೆಗೆ ಇನ್ನೊಂದು ಆಧಾರ. ಈಗ ಕ್ಯಾಮೆರಾವನ್ನು 25 ಫ್ರೇಮಿಗೆ ತಂದು ಶಟರನ್ನು 500ರಲ್ಲಿ ಒಂದು ಸೆಕೆಂಡಿಗೆ ಇಟ್ಟರೆ ಏನಾಗುತ್ತದೆ ನೋಡೋಣ. ಸೆನ್ಸರಿನ ಸಾಲುಗಳು ಒಂದಾದ ಮೇಲೊಂದು ಬೆಳಕು ಹಿಡಿಯುವ ಕ್ಯಾಮೆರಾದಲ್ಲಿ ಗೋಡೆಯ ಮೇಲೆ ಅಡ್ಡಡ್ಡ ಪಟ್ಟಿಗಳು ಏಳುತ್ತವೆ. ಕರೆಂಟು ಕರಾರುವಾಕ್ಕಾಗಿ 50 ಹರ್ಟ್ಸ್ ಇದ್ದರೆ ಆ ಪಟ್ಟಿಗಳು ನಿಂತಲ್ಲೇ ನಿಲ್ಲುತ್ತವೆ. 49.95ಕ್ಕೆ ಇಳಿದರೆ 10 ಸೆಕೆಂಡಿಗೆ ಒಂದು ಸುತ್ತಿನಂತೆ ಸರಿಯತೊಡಗುತ್ತವೆ. ಗ್ರಿಡ್ಡಿನ ಮೇಲೆ ಬಿದ್ದ ಹೊರೆ ಹೆಚ್ಚುಕಮ್ಮಿಯಾದಂತೆ ಅವುಗಳ ಓಟವೂ ಬದಲಾಗುತ್ತದೆ.

ವಿಧಿವಿಜ್ಞಾನ ಈ ಓಟವನ್ನು ಪುರಾವೆಯಾಗಿ ಬಳಸುವ ದಾರಿ ಕಂಡುಕೊಂಡಿದೆ. ಗ್ರಿಡ್ ಆವರ್ತನದ ಸಣ್ಣ ಏರಿಳಿತ ಧ್ವನಿಮುದ್ರಣಗಳಲ್ಲಿ ಬಿಡುವ ಗುರುತಿನಿಂದ ಅವುಗಳ ಕಾಲ ಪತ್ತೆ ಮಾಡುವ ವಿಧಾನ ಮೊದಲು ಬಂತು. ವಿಡಿಯೊದಲ್ಲಿನ ಬೆಳಕಿನಿಂದಲೂ ಅದೇ ಗುರುತನ್ನು ಹೊರತೆಗೆಯಬಹುದೆಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದರು. ಇದಕ್ಕೆ ಕರ್ನಾಟಕದ ನೆಲದ ನಂಟೂ ಇದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೊವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿನ ಜೊತೆ ಒಂದೇ ಲಯಕ್ಕೆ ಬಂತು. ಅಲ್ಲಿಂದೀಚೆಗೆ ಬಳ್ಳಾರಿಯ ಒಂದು ಕೋಣೆಯಲ್ಲೂ ದೆಹಲಿಯ ಒಂದು ಕೋಣೆಯಲ್ಲೂ ಒಂದೇ ಹೊತ್ತಿನಲ್ಲಿ ತೆಗೆದ ಚಿತ್ರಗಳು ತಾತ್ವಿಕವಾಗಿ ಒಂದೇ ಏರಿಳಿತವನ್ನು ಹೊತ್ತಿರುತ್ತವೆ. ಅದಕ್ಕೆ ಮೊದಲು ದಕ್ಷಿಣಕ್ಕೆ ತನ್ನದೇ ಆದ ಲಯವಿತ್ತು. ಹಾಗಾಗಿ ಡಿಜಿಟಲ್ ಬಿಂಬದಲ್ಲಿ ಲೋಕದ ಕಾಲ ಕಾರ್ಯಕಾರಣವಾಗಿ ಅಚ್ಚಾಗುತ್ತದೆ, ಸಂಖ್ಯೆಯಾಗಿ ಬದಲಾದ ಮೇಲೂ ಅದನ್ನು ಓದಬಹುದು. ಜನರೇಟರ್ ಅಥವಾ ಯುಪಿಎಸ್ ಹಚ್ಚಿ ಚಿತ್ರೀಕರಿಸಿದಾಗ ಗ್ರಿಡ್ಡಿನ ಗುರುತು ಸಿಗುವುದಿಲ್ಲ, ಎಲೆಕ್ಟ್ರಾನಿಕ್ ಚೋಕ್ ಹಾಗೂ ಒಳ್ಳೆಯ ಎಲ್‌ಇಡಿ ದೀಪಗಳಲ್ಲಿ ಮಿಡಿತ ಬಹಳ ಕಡಿಮೆ. ಇವು ಗುರುತು ಎಲ್ಲಿ ಸಿಗುತ್ತದೆಂಬುದಕ್ಕೆ ಮಿತಿ ಹಾಕುತ್ತವೆಯೇ ಹೊರತು ತತ್ತ್ವವನ್ನು ಅಲ್ಲಗಳೆಯುವುದಿಲ್ಲ.

ಟ್ಯೂಬ್‌ಲೈಟಿನ ಈ ಪ್ರಯೋಗದಿಂದ ಇನ್ನೂ ಮುಖ್ಯವಾದ ಒಂದು ಅಂಶ ಹೊರಬೀಳುತ್ತದೆ. ಶಟರ್ 50ರಲ್ಲಿ ಒಂದು ಸೆಕೆಂಡ್ ಇದ್ದಾಗ ಕರೆಂಟಿನ ಮಿಡಿತ ಬಹುಮಟ್ಟಿಗೆ ಅಳಿದು, ದೇಹದ ಚಲನೆ ಮಸುಕಾಗಿ ದಾಖಲಾಗುತ್ತದೆ. 500ರಲ್ಲಿ ಒಂದು ಸೆಕೆಂಡ್ ಇದ್ದಾಗ ದೇಹದ ಚಲನೆ ಚೂರುಚೂರಾಗಿ ಹೆಪ್ಪುಗಟ್ಟಿ, ಕರೆಂಟಿನ ಮಿಡಿತ ಎದ್ದು ಕಾಣುತ್ತದೆ. ಒಂದೇ ಕೋಣೆ, ಒಂದೇ ದೀಪ, ಒಬ್ಬರೇ ನಟ. ದಾಖಲಾಗುವ ಕಾಲ ಮಾತ್ರ ಬೇರೆ. ಹಾಗಾದರೆ ಡಿಜಿಟಲ್ ಬಿಂಬದಲ್ಲಿ ಕಾಲಾವಧಿ ಇದೆಯೇ ಇಲ್ಲವೇ ಎಂದು ಒಟ್ಟಾರೆಯಾಗಿ ಕೇಳುವ ಪ್ರಶ್ನೆಯೇ ಸಾಲದು. ಯಾವುದರ ಕಾಲ ಉಳಿಯಬೇಕು, ಯಾವುದರದ್ದು ಅಳಿಯಬೇಕು ಎಂಬುದನ್ನು ಶಟರ್ ನಿರ್ಧರಿಸುತ್ತದೆ, ಮತ್ತು ಅದು ಒಂದು ಕಲಾತ್ಮಕ ತೀರ್ಮಾನ. ಈ ಲೇಖನದ ಅತ್ಯಂತ ದಿಟ್ಟ ಮಾತು ಇದೇ ಆದ್ದರಿಂದ ಅದರ ಮಿತಿಗಳನ್ನು ಹೇಳಲೇಬೇಕು. ಇದು ಚಿತ್ರ ಹಿಡಿಯುವ ಹಂತಕ್ಕೆ ಅನ್ವಯಿಸುವ ಮಾತು, ಆಮೇಲಿನ ತಿದ್ದುಪಡಿಗಳಿಗಲ್ಲ. ಶಟರ್ ಒಂದೇ ಅರ್ಥವನ್ನು ಕೊಡುವುದಿಲ್ಲ, ಶಾಟ್‌ನ ಉದ್ದ ಮತ್ತು ನಟನೆಯ ಲಯದ ಜೊತೆ ಸೇರಿಯೇ ಅರ್ಥ ಹುಟ್ಟುತ್ತದೆ. ಗ್ರಿಡ್ಡಿನ ಗುರುತನ್ನು ಪ್ರೇಕ್ಷಕರು ಬರಿಗಣ್ಣಿನಿಂದ ಓದಲಾರರು, ಅದಕ್ಕೆ ಗಣಿತ ಬೇಕು. ಆದರೆ ರೋಡೋವಿಕ್ ವಾದ ನಿಂತಿರುವುದು ಕಾರ್ಯಕಾರಣದ ಮೇಲೆಯೇ ಹೊರತು ಪ್ರೇಕ್ಷಕರ ಅರಿವೊಂದರ ಮೇಲಲ್ಲ. ಆದ್ದರಿಂದ ಕಾರ್ಯಕಾರಣದ ಪುರಾವೆ ಆ ವಾದವನ್ನು ನೇರವಾಗಿಯೇ ಮುಟ್ಟುತ್ತದೆ.

ಇನ್ನೆರಡು ಆಕ್ಷೇಪಗಳಿವೆ. ಸೆನ್ಸರಿನ ಸಾಲುಗಳು ಬೇರೆ ಬೇರೆ ಗಳಿಗೆಯಲ್ಲಿ ಬೆಳಕು ಹಿಡಿಯುವುದರಿಂದ ಫ್ರೇಮೇ ಒಡೆದ ಕಾಲವಲ್ಲವೇ ಎಂಬುದು ಮೊದಲನೆಯದು. ಒಡೆದದ್ದು ನಿಜ, ಆದರೆ ಪ್ರತಿ ಸಾಲಿಗೂ ತನ್ನದೇ ಗಳಿಗೆ ಇರುವುದರಿಂದಲೇ ಕರೆಂಟಿನ ಏರಿಳಿತವನ್ನು ಇನ್ನಷ್ಟು ಸೂಕ್ಷ್ಮವಾಗಿ ಓದಲು ಸಾಧ್ಯವಾಗಿದೆ. ಎರಡನೆಯದು ಸಂಕೋಚನಕ್ಕೆ ಸಂಬಂಧಿಸಿದ್ದು, ಇದರಲ್ಲಿ ರೋಡೋವಿಕ್ ಕೈ ಮೇಲಾಗುತ್ತದೆ. ಹಳೆಯ ಡಿವಿ ಟೇಪು ಪ್ರತಿ ಫ್ರೇಮನ್ನೂ ಬಿಡಿಯಾಗಿ ಕುಗ್ಗಿಸುತ್ತಿತ್ತು. ಎಚ್‌ಡಿವಿ ಮತ್ತು ಎವಿಸಿಎಚ್‌ಡಿ ಬಗೆಯ ದಾಖಲೆಗಳಲ್ಲಿ ಅನೇಕ ಫ್ರೇಮುಗಳು ಅಕ್ಕಪಕ್ಕದ ಫ್ರೇಮುಗಳಿಂದ ಊಹಿಸಿ ಕಟ್ಟಿದವು. ಅಲ್ಲಿ ಒಂದು ಫ್ರೇಮಿನ ಕಾಲವೆಂದರೆ ಭಾಗಶಃ ನೆರೆಯ ಫ್ರೇಮುಗಳಿಂದ ಎರವಲು ತಂದ ಕಾಲ. ಹೀಗಾಗಿ ‘ಡಿಜಿಟಲ್’ ಎಂಬ ಒಂದೇ ಹಣೆಪಟ್ಟಿಯಡಿ ಎಲ್ಲವನ್ನೂ ತೀರ್ಮಾನಿಸುವ ಬದಲು ಶಟರ್, ಫ್ರೇಮ್ ವೇಗ, ಸಂಕೋಚನದ ಬಗೆ ಇವುಗಳನ್ನು ಪ್ರತಿ ಚಿತ್ರದಲ್ಲೂ ಬೇರೆ ಬೇರೆಯಾಗಿ ಪರಿಶೀಲಿಸುವುದು ಅಗತ್ಯ.

ಸ್ವತಂತ್ರ ಸಿನಿಮಾ ಮಾಡುವವರ ಪಾಲಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ದೊಡ್ಡ ನಿರ್ಮಾಣಗಳಲ್ಲಿ ಮಿಡಿತವಿಲ್ಲದ ದೀಪಗಳನ್ನು ಬಾಡಿಗೆಗೆ ತರಬಹುದು. ಸಣ್ಣ ತಂಡ ಅಂಗಡಿ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿ ಇದ್ದ ಬೆಳಕಿನಲ್ಲೇ ಕೆಲಸ ಮಾಡಬೇಕು. 1995ರ ಡಾಗ್ಮೆ ಪ್ರತಿಜ್ಞೆ ವಿಶೇಷ ಬೆಳಕನ್ನು ನಿಷೇಧಿಸಿದಾಗ ಈ ಕೊರತೆಯೇ ಒಂದು ಶಿಸ್ತಾಯಿತು. 2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2 ಸಣ್ಣ ತಂಡಗಳಿಗೆ ದೊಡ್ಡ ಸೆನ್ಸರನ್ನು ಎಟುಕಿಸಿತು. ಮೊದಮೊದಲು ಅದು 30 ಫ್ರೇಮಿನಲ್ಲಿ ಮಾತ್ರ ದಾಖಲಿಸುತ್ತಿತ್ತು, ವಿಡಿಯೊದಲ್ಲಿ ಶಟರನ್ನು ತಾನೇ ಆರಿಸಿಕೊಳ್ಳುತ್ತಿತ್ತು. 50 ಹರ್ಟ್ಸ್ ದೇಶಗಳ ಟ್ಯೂಬ್‌ಲೈಟಿನಡಿ ಅದು 60ರಲ್ಲಿ ಒಂದು ಸೆಕೆಂಡಿಗೆ ಹೋದರೆ ಬೆಳಕು ಕುಣಿಯುವುದು ಖಚಿತ. 2009ರ ಜೂನ್‌ನಲ್ಲಿ ಶಟರ್ ಹಿಡಿತವೂ 2010ರ ಮಾರ್ಚ್‌ನಲ್ಲಿ 24 ಮತ್ತು 25 ಫ್ರೇಮೂ ಫರ್ಮ್‌ವೇರ್ ಮೂಲಕ ಬಂದವು. ಆ ಎರಡು ತಿದ್ದುಪಡಿಗಳನ್ನು ಬರೀ ಯಂತ್ರದ ಸುಧಾರಣೆಯೆಂದು ಓದಿದರೆ ಸಾಲದು. ಯಾವ ಕಾಲ ದಾಖಲಾಗಬೇಕೆಂಬ ನಿರ್ಧಾರ ಯಂತ್ರದಿಂದ ಮನುಷ್ಯರ ಕೈಗೆ ಬಂದದ್ದು ಆಗ. ಸ್ವತಂತ್ರ ಸಿನಿಮಾದ ಚರಿತ್ರೆಯಲ್ಲಿ ಬಂಡವಾಳ, ಹಂಚಿಕೆ, ಉತ್ಸವಗಳಿಗೆ ಸಿಗುವ ಜಾಗದಲ್ಲಿ ಸ್ವಲ್ಪವಾದರೂ ಈ ನಿರ್ಧಾರಗಳಿಗೆ ಸಲ್ಲಬೇಕು.

ರೋಡೋವಿಕ್ ವಾದವನ್ನು ಪೂರ್ತಿ ತಳ್ಳಿಹಾಕುವುದು ಈ ಲೇಖನದ ಉದ್ದೇಶವಲ್ಲ. ಕಾರ್ಯಕಾರಣ ಎಲ್ಲಿ ತುಂಡಾಗುತ್ತದೆಂದು ಅವರು ತೋರಿಸುತ್ತಾರೋ ಅದಕ್ಕಿಂತ ಮುಂಚಿನ ಒಂದು ಹಂತದಲ್ಲಿ ಕಾಲಾವಧಿ ಅಚ್ಚಾಗುತ್ತದೆ ಮತ್ತು ಪರಿವರ್ತನೆ ಅದನ್ನು ತಾನಾಗಿ ಅಳಿಸುವುದಿಲ್ಲ ಎಂಬಷ್ಟನ್ನು ಮಾತ್ರ ಇಲ್ಲಿ ಸ್ಥಾಪಿಸಲು ಯತ್ನಿಸಿದೆ. ಒಂದು ಪ್ರಶ್ನೆ ಉಳಿದೇ ಇದೆ. ಈಚಿನ ಫೋನುಗಳು ಹಲವು ಎಕ್ಸ್‌ಪೋಶರ್‌ಗಳನ್ನು ಹೊಂದಿಸಿ, ಬೆರೆಸಿ ಒಂದು ಫ್ರೇಮನ್ನು ಕಟ್ಟಬಲ್ಲವು. ಅಂಥ ಫ್ರೇಮಿಗೆ ಇಂತಿಷ್ಟೇ ಎನ್ನಬಹುದಾದ ಒಂದೇ ಶಟರ್ ಅವಧಿ ಇರುವುದಿಲ್ಲ. ಅಲ್ಲಿ ಚಿತ್ರ ಹಿಡಿಯುವ ಹಂತ ಎಲ್ಲಿ ಮುಗಿದು ತಿದ್ದುವ ಹಂತ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ, ಮತ್ತು ಈ ಲೇಖನದ ವಾದ ಆ ಗೆರೆಯನ್ನೇ ನಂಬಿ ನಿಂತಿದೆ. ಫೋನಿನಲ್ಲಿ ತಯಾರಾಗುತ್ತಿರುವ ಸ್ವತಂತ್ರ ಚಿತ್ರಗಳನ್ನು ಫ್ರೇಮು ಫ್ರೇಮಾಗಿ ಪರೀಕ್ಷಿಸುವ ಅಧ್ಯಯನಗಳು ನಡೆದಾಗ ಇಲ್ಲಿನ ತೀರ್ಮಾನವನ್ನು ತಿದ್ದಬೇಕಾಗಿ ಬರಬಹುದು.