ಸಣ್ಣ ಕಂಪನಗಳು ಎತ್ತಿ ನಿಲ್ಲಿಸಿದ ನೆಲ

1822ರಲ್ಲಿ ಚಿಲಿಯ ವಾಲ್ಪರೈಸೊ ಬಳಿ ಭೂಕಂಪವಾದಾಗ ಕರಾವಳಿಯೇ ಮೇಲೆದ್ದಿದೆ ಎಂದು ಮರಿಯಾ ಗ್ರಹಾಂ ಎಂಬ ಲೇಖಕಿ ಬರೆದರು. ಲಂಡನ್ನಿನ ಭೂವಿಜ್ಞಾನಿ ಜಾರ್ಜ್ ಗ್ರೀನೋ ಅದನ್ನು ಒಪ್ಪಲಿಲ್ಲ. 1835ರ ಫೆಬ್ರವರಿ 20ರಂದು ಕಾನ್ಸೆಪ್ಸಿಯೋನ್ ನಗರ ಉರುಳಿದ ಮೇಲೆ ಸಂಶಯಕ್ಕೆ ಎಡೆ ಉಳಿಯಲಿಲ್ಲ. 'ಬೀಗಲ್' ಹಡಗಿನ ಕಪ್ತಾನ ಫಿಟ್ಜ್‌ರಾಯ್ ಅಳೆದು ನೋಡಿದಾಗ ಸಮೀಪದ ಸಾಂತಾ ಮರಿಯಾ ದ್ವೀಪ ಎರಡೂವರೆಯಿಂದ ಮೂರು ಮೀಟರಿನಷ್ಟು ಏರಿತ್ತು. ಇಂಥ ಏರಿಕೆಗಳು ಕೂಡಿಕೂಡಿಯೇ ಆಂಡಿಸ್ ಬೆಳೆದಿರಬೇಕು ಎಂದು ಅದೇ ಹಡಗಿನಲ್ಲಿದ್ದ ಡಾರ್ವಿನ್ ತರ್ಕಿಸಿದರು.

ಆ ತರ್ಕ ಸರಳವಾಗಿ ಉಳಿಯಲಿಲ್ಲ. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪವನ್ನು ಅಭ್ಯಸಿಸಿದ ಹ್ಯಾರಿ ಫೀಲ್ಡಿಂಗ್ ರೀಡ್, ಶಿಲೆ ನಿಧಾನವಾಗಿ ಬಾಗಿ ಒತ್ತಡ ತುಂಬಿಕೊಳ್ಳುತ್ತದೆ, ಕಂಪನದ ಹೊತ್ತಿಗೆ ಒಮ್ಮೆಗೇ ಹಿಂದಕ್ಕೆ ಚಿಮ್ಮುತ್ತದೆ ಎಂದು 1910ರಲ್ಲಿ ವಿವರಿಸಿದರು. 1964ರ ಅಲಾಸ್ಕಾ ಭೂಕಂಪದ ನಂತರ ಜಾರ್ಜ್ ಪ್ಲಾಫ್ಕರ್ ಒಂದು ಪಟ್ಟಿಯಲ್ಲಿ ನೆಲ ಏರಿದ್ದನ್ನೂ ಅದರಿಂದ ಒಳನಾಡಿನ ಕಡೆಗೆ ಇಳಿದದ್ದನ್ನೂ ಗುರುತಿಸಿದರು. ಸಾಗರದ ಭೂಫಲಕ ಖಂಡದ ಫಲಕದಡಿ ನುಸುಳುವ ಕಡೆ ಇದೇ ನಡೆಯುತ್ತದೆ ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ಎರಡು ಫಲಕಗಳು ಕಚ್ಚಿಕೊಂಡಿರುವಷ್ಟು ಕಾಲ ಮೇಲಿನದು ಬಾಗುತ್ತದೆ; ಹಿಡಿತ ತಪ್ಪಿದಾಗ ನೆಟ್ಟಗಾಗುತ್ತದೆ. ಜಮೆಯಾದದ್ದೆಲ್ಲ ಹೀಗೆ ಖರ್ಚಾಗುವುದಾದರೆ ಬೆಟ್ಟ ಬೆಳೆಯುವುದು ಎಲ್ಲಿಂದ?

ಉತ್ತರದ ಸುಳಿವು ಮತ್ತೆ ಸಾಂತಾ ಮರಿಯಾದಲ್ಲೇ ಸಿಕ್ಕಿತು. 1835ರ ನಂತರ ದ್ವೀಪ ಸುಮಾರು 1.4 ಮೀಟರ್ ತಗ್ಗಿತ್ತು, 2010ರ 8.8 ತೀವ್ರತೆಯ ಮೌಲೆ ಭೂಕಂಪದಲ್ಲಿ ಸುಮಾರು 1.8 ಮೀಟರ್ ಏರಿತು. ಇಡೀ ಆವರ್ತವನ್ನು ಲೆಕ್ಕ ಹಾಕಿದ ಸಂಶೋಧಕರು, ಏರಿಕೆಯಲ್ಲಿ ಶೇ. 10ರಿಂದ 20ರಷ್ಟು ಮಾತ್ರ ಶಾಶ್ವತವಾಗಿ ಉಳಿಯಬಹುದು ಎಂದು 2015ರಲ್ಲಿ ಅಂದಾಜಿಸಿದರು. ಬೆಟ್ಟವನ್ನು ಕಟ್ಟುವುದು ಈ ಶೇಷವೇ.

ಶೇಷವನ್ನು ಉಳಿಸುವವರು ಯಾರು? ದೊಡ್ಡ ಭೂಕಂಪಗಳು ಹೆಚ್ಚಾಗಿ ಕಡಲತಳದಡಿ ಜಾರುತ್ತವೆ, ಕರಾವಳಿಯನ್ನು ಎತ್ತುವುದು ಅದರ ನೇರ ಕೆಳಗೆ ಆಳದಲ್ಲಾಗುವ ಅಷ್ಟು ದೊಡ್ಡದಲ್ಲದ ಕಂಪನಗಳು ಎಂದು ಡೇನಿಯಲ್ ಮೆಲ್ನಿಕ್ 2016ರಲ್ಲಿ ವಾದಿಸಿದರು. 2021ರಲ್ಲಿ ಲೂಕಾ ಮಲಾಟೆಸ್ಟಾ ಮತ್ತು ಸಂಗಡಿಗರು ಇನ್ನೊಂದು ಎಳೆ ಹಿಡಿದರು. ಫಲಕಗಳ ಹಿಡಿತ ಆಳದಲ್ಲಿ ಎಲ್ಲಿ ಸಡಿಲವಾಗುತ್ತದೋ, ಅದರ ಮೇಲ್ಭಾಗದಲ್ಲೇ ಖಂಡಾವರಣ ಪ್ರದೇಶ ಮುಗಿದು ಕಡಲತಳ ಥಟ್ಟನೆ ಇಳಿಜಾರಾಗುತ್ತದೆ.

ಈ ಎಳೆಗಳನ್ನು ಬಾರ್ ಓರ್ಯಾನ್ ಮತ್ತು ಸಂಗಡಿಗರು 2024ರಲ್ಲಿ ಹೆಣೆದರು. ಹಿಡಿತ ಬಿಗಿಯಿಂದ ಸಡಿಲಕ್ಕೆ ತಿರುಗುವ ಕಡೆ ಮೇಲಿನ ಫಲಕದಲ್ಲಿ ಒತ್ತಡ ಒಟ್ಟಾಗುತ್ತದೆ. ಎರಡು ಮಹಾಕಂಪನಗಳ ನಡುವಿನ ದೀರ್ಘ ಅವಧಿಯಲ್ಲಿ ಅಲ್ಲಿನ ಶಿಲೆ ಅಲ್ಲಲ್ಲಿ ಬಿರಿಯುತ್ತದೆ. ಆ ಬಿರಿತಗಳೇ ಚದುರಿದ ಸಣ್ಣ ಭೂಕಂಪಗಳು. ತೀವ್ರತೆ ಒಂದಂಕಿ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಕುಗ್ಗುತ್ತದೆ, ನಿಜ. ಆದರೂ ಸಣ್ಣವುಗಳಿಗೆ ಇಲ್ಲಿ ತೂಕವಿದೆ. ಮಹಾಕಂಪನ ಬಿಡಿಸುವುದು ಬಾಗನ್ನು. ಸಣ್ಣ ಕಂಪನ ಉಳಿಸುವುದು ಮುರಿತವನ್ನು. ಬಾಗಿದ್ದು ಮರಳುತ್ತದೆ, ಮುರಿದದ್ದು ಮರಳುವುದಿಲ್ಲ. ನೂರಾರು ಆವರ್ತಗಳಲ್ಲಿ ಕೂಡಿದ ಈ ಬದಲಾವಣೆ ಕರಾವಳಿಯ ಮೆಟ್ಟಿಲುಗಳನ್ನೂ ಪರ್ಯಾಯದ್ವೀಪಗಳನ್ನೂ ನದಿಗಳ ಇಳಿಜಾರನ್ನೂ ರೂಪಿಸುತ್ತದೆ ಎಂಬುದು ಅವರ ಮಾದರಿಯ ತಿರುಳು.

ಭಾರತಕ್ಕೂ ಇದು ದೂರದ ಮಾತಲ್ಲ. 2004ರ ಡಿಸೆಂಬರ್ 26ರ ಮಹಾಕಂಪನದಲ್ಲಿ ಉತ್ತರ ಅಂಡಮಾನಿನ ಪಶ್ಚಿಮ ದಂಡೆಯ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದವು. ಪೋರ್ಟ್ ಬ್ಲೇರ್ ಸುಮಾರು ಒಂದು ಮೀಟರ್ ಕುಸಿಯಿತು. ಮುಂದಿನ ಮಹಾಕಂಪನ ಎಲ್ಲಿಂದ ಎಲ್ಲಿಯವರೆಗೆ ಹಬ್ಬಬಹುದೆಂದು ಅಂದಾಜಿಸಲು ಕೆಲವೇ ದಶಕಗಳ ಜಿಪಿಎಸ್ ಅಳತೆ ಸಾಲದು, ಏಕೆಂದರೆ ಒಂದು ಆವರ್ತಕ್ಕೆ ಶತಮಾನಗಳೇ ಹಿಡಿಯುತ್ತವೆ. ನೆಲದ ರೂಪ ಫಲಕಗಳ ಲಕ್ಷಾಂತರ ವರ್ಷಗಳ ಹಿಡಿತವನ್ನು ದಾಖಲಿಸಿಟ್ಟಿದ್ದರೆ, ಅದನ್ನು ಓದುವುದು ಜೀವ ಉಳಿಸುವ ಕೆಲಸ. ಹಾಗಾಗಿ ಯಾರ ಅರಿವಿಗೂ ಬಾರದ ಪುಟ್ಟ ಕಂಪನಗಳನ್ನು ಬಿಡದೆ ದಾಖಲಿಸುವ ಉಪಕರಣಗಳ ಜಾಲ ನಮ್ಮ ದ್ವೀಪಗಳಲ್ಲಿ ದಟ್ಟವಾಗಬೇಕು.